ಬೇಸಿಗೆಯಲ್ಲಿ ಹೆಬ್ಬಾತು ಎಲ್ಲಿರುತ್ತದೆ

ಕೆರೆದಡದ ಆಶ್ರಮದಲ್ಲಿ ಚಂದಿಮನೆಂಬ ಶಿಷ್ಯನಿದ್ದ. ಚಳಿಗಾಲಕ್ಕೆ ಅಲ್ಲಿಗೆ ಬರುವ ಹೆಬ್ಬಾತುಗಳನ್ನು ಒಂಬತ್ತು ವರ್ಷ ನೋಡಿ ಒಂದು ಪುಸ್ತಕ ಬರೆದಿದ್ದ. ಹುಣ್ಣಿಮೆಯಂದು ಅದನ್ನು ವಿದ್ವಾಂಸರ ಸಭೆಯಲ್ಲಿ ಓದಬೇಕಿತ್ತು.

ಗುರು ಹಾಳೆ ತಿರುವಿದರು. “ಬೇಸಿಗೆಯಲ್ಲಿ ಇವು ಎಲ್ಲಿರುತ್ತವೆ?”

“ಕೆರೆ ನಡುವಿನ ಜೊಂಡಿನಲ್ಲಿ ಅವಿತು ಮೊಟ್ಟೆ ಇಡುತ್ತವೆ, ಗುರುಗಳೇ. ಬರೆದಿದ್ದೇನಲ್ಲ.”

“ನೋಡಿದೆಯಾ?”

“ಅಲ್ಲಿಗೆ ದೋಣಿ ಹೋಗುವುದಿಲ್ಲ. ಆದರೆ ಎಲ್ಲಾದರೂ ಇಡಲೇಬೇಕಲ್ಲ?”

ಗುರು ಪುಸ್ತಕ ಮುಚ್ಚಿದರು. “ಹಿಮದ ಬೆಟ್ಟಗಳ ಆಚೆಯಿಂದ ಲೋದೆನ್ ಎಂಬವನು ಬಂದಿದ್ದಾನಲ್ಲ. ಅವನೂ ಇದೇ ಹಕ್ಕಿಯ ಬಗ್ಗೆ ಬರೆಯುತ್ತಿದ್ದಾನಂತೆ. ಮೂರು ದಿನದಿಂದ ನಿನ್ನ ಪುಸ್ತಕ ಕೇಳುತ್ತಿದ್ದಾನೆ. ಯಾಕೆ ತೋರಿಸಲಿಲ್ಲ?”

“ತೋರಿಸಿದರೆ ನನ್ನ ಒಂಬತ್ತು ವರ್ಷ ಅವನ ಜೋಳಿಗೆ ಸೇರುತ್ತದೆ. ಅವನ ದೇಶದಲ್ಲಿ ತನ್ನ ಹೆಸರಲ್ಲಿ ಓದಿಕೊಳ್ಳುತ್ತಾನೆ. ಅಲ್ಲಿ ಕೇಳುವವರು ಯಾರು?”

“ಕರೆದುಕೊಂಡು ಬಾ.”

ಲೋದೆನ್ ಬಂದು ಕುಳಿತ. ಗುರು ಅವನಿಗೆ ಹೇಳಿದರು, “ನೀನು ತಂದಿರುವುದನ್ನು ಇವನ ಕೈಗೆ ಕೊಡು.”

ಉಣ್ಣೆಯ ಗಂಟು ಬಿಚ್ಚಿ ಅವನು ಚಂದಿಮನ ಅಂಗೈಯಲ್ಲಿ ಒಂದು ಮೊಟ್ಟೆಯ ಅರ್ಧ ಚಿಪ್ಪು ಇಟ್ಟ.

“ಯಾವುದರದು ಇದು?”

“ನಿನ್ನ ಹೆಬ್ಬಾತಿನದೇ.” ಲೋದೆನ್‌ನದು ದಾರಿಯಲ್ಲಿ ಕಲಿತ ಅರೆಬರೆ ಕನ್ನಡ. “ನಮ್ಮ ಸರೋವರ, ನಡುಗಡ್ಡೆ. ಅಲ್ಲಿ, ಬರೀ ನೆಲದ ಮೇಲೆ ಗೂಡು.”

ಚಂದಿಮ ಚಿಪ್ಪನ್ನು ಬೆಳಕಿಗೆ ಹಿಡಿದ. ಮೂಸಿ ನೋಡಿದ. “ಎಷ್ಟು ಇಡುತ್ತದೆ? ಕಾವು ಎಷ್ಟು ದಿನ? ಗಂಡೂ ಕೂರುತ್ತದಾ?”

“ನಾಲ್ಕು, ಐದು. ಕಾವು ಒಂದು ತಿಂಗಳು. ಗಂಡು ಕೂರಲ್ಲ. ಪಕ್ಕದಲ್ಲಿ ನಿಂತು ಎಲ್ಲರನ್ನೂ ಬೈಯುತ್ತೆ.” ಲೋದೆನ್ ಮುಂದಕ್ಕೆ ಬಾಗಿದ. “ಈಗ ನೀನು ಹೇಳು. ನಾನು ಬರುವಷ್ಟರಲ್ಲಿ ಹಕ್ಕಿ ಹೊರಟುಹೋಗಿದೆ. ಇಲ್ಲಿ ಏನು ಮಾಡುತ್ತೆ?”

ಚಂದಿಮ ಪುಸ್ತಕವನ್ನು ಎದೆಗೊತ್ತಿಕೊಂಡ.

“ಹೋಗಲಿ ಬಿಡು,” ಎಂದ ಲೋದೆನ್. “ನಮ್ಮ ಕಡೆ ವಾಪಸು ಬಂದಾಗ ತುಂಬ ಬಡಕಲು ಇರುತ್ತೆ. ಅದಕ್ಕೆ ನಾನು ಬರೆದಿದ್ದೇನೆ: ದಕ್ಷಿಣದಲ್ಲಿ ಅದು ಉಪವಾಸ. ಆರು ತಿಂಗಳು ತಪಸ್ಸು.”

ಚಂದಿಮನಿಗೆ ನಗು ತಡೆಯಲಾಗಲಿಲ್ಲ. “ಉಪವಾಸವಾ! ಅಯ್ಯೋ ಮಾರಾಯ, ಈ ಊರಿನ ಕಡಲೆ ಹೊಲವನ್ನೆಲ್ಲ ಬೋಳು ಮಾಡಿ ಹೋಗುತ್ತವೆ. ರೈತರು ತಮಟೆ ಬಡಿದರೂ ಏಳುವುದಿಲ್ಲ!”

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಲೋದೆನ್ ತನ್ನ ಹಾಳೆಯನ್ನೇ ನೋಡುತ್ತಿದ್ದ. “ಕಡಲೆ,” ಎಂದ ಮೆಲ್ಲಗೆ. “ಹಾಗಾದರೆ ದಾರಿಯಲ್ಲಿ ಬಡಕಲಾಗುತ್ತೆ. ಬೆಟ್ಟ ದಾಟುವಾಗ.”

“ಬೆಟ್ಟವನ್ನು ಮೇಲಿಂದಲೇ ದಾಟುತ್ತವಾ?” ಚಂದಿಮನ ಪುಸ್ತಕ ಅಷ್ಟರಲ್ಲಿ ನೆಲದ ಮೇಲೆ ತೆರೆದುಕೊಂಡಿತ್ತು.

ಹೊತ್ತು ಇಳಿಯುವವರೆಗೂ ಇಬ್ಬರೂ ತಲೆ ಎತ್ತಲಿಲ್ಲ. ಕೊನೆಗೆ ಚಂದಿಮ ಕೇಳಿದ:

“ಗುರುಗಳೇ, ನಮ್ಮಿಬ್ಬರ ಬರಹವನ್ನೂ ಸೇರಿಸಿದರೇ ಹಕ್ಕಿಯ ಒಂದು ವರ್ಷದ ಕಥೆ ಪೂರ್ತಿಯಾಗುವುದು. ಒಪ್ಪಿದೆ. ಆದರೆ ಸಭೆಯಲ್ಲಿ ಯಾರ ಹೆಸರು ಮೊದಲು?”

“ನೋಡದೆ ಬರೆದ ಹಾಳೆಯನ್ನು ಯಾರು ಮೊದಲು ಹರಿದುಹಾಕುತ್ತಾರೋ, ಅವರದು.”