ತನ್ನ ಕಾರಿಗೆ ತಾನೇ ಬ್ರೇಕು ಹಾಕಿಕೊಂಡ ವರ್ತಕ

“ಗುರುಗಳೇ, ಯಾರ ಕೈಯನ್ನೂ ನಂಬದೆ ತನ್ನ ಕೆಲಸವನ್ನೆಲ್ಲ ತಾನೇ ಮಾಡಿಕೊಳ್ಳುವವನು ನಿರ್ಭಯನಲ್ಲವೇ?” ಎಂದು ಶಿಷ್ಯನೊಬ್ಬನು ಕೇಳಿದನು.

ಗುರುಗಳು ಎಲೆಅಡಿಕೆಯನ್ನು ದವಡೆಗೆ ಒತ್ತಿಕೊಂಡು ಹೇಳಿದರು:

ಒಂದು ಪೇಟೆಯಲ್ಲಿ ಒಬ್ಬ ಮೆಣಸಿನಕಾಯಿ ವರ್ತಕನಿದ್ದನು. ಅವನಿಗೊಬ್ಬ ಪಾಲುಗಾರ. ಪಾಲುಗಾರನಿಗೊಬ್ಬಳು ಹೆಂಡತಿ, ಚೆಲುವೆ, ಕಿಟಕಿಯಲ್ಲಿ ನಿಲ್ಲುವುದು ಸ್ವಲ್ಪ ಜಾಸ್ತಿ. ಒಂದು ದಿನ ಪಾಲುಗಾರನ ಕಾರು ಘಾಟಿಯ ಇಳಿಜಾರಿನಲ್ಲಿ ನಿಲ್ಲದೆ ಹೋಗಿ ಕಂದಕಕ್ಕೆ ಬಿತ್ತು. ಬ್ರೇಕು ಹಿಡಿಯಲಿಲ್ಲ ಎಂದರು. ವರ್ಷ ತುಂಬುವ ಮೊದಲೇ ಆ ವಿಧವೆ ವರ್ತಕನ ಹೆಂಡತಿಯಾಗಿ ಅವನ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದಳು. ಆ ಒಗ್ಗರಣೆಯ ವಾಸನೆ ಪೇಟೆಗೆಲ್ಲ ಹತ್ತಿತು. ಎದುರಿಗೆ ಯಾರೂ ಕೇಳಲಿಲ್ಲ. ಹಿಂದಿನಿಂದ ಬೇಕಾದಷ್ಟು ಆಡಿಕೊಂಡರು.

ಕೆಲವು ಕಾಲದ ಮೇಲೆ ವರ್ತಕನ ಕಾರಿನ ಬ್ರೇಕು ಕಿರುಗುಟ್ಟತೊಡಗಿತು. ಮೆಕ್ಯಾನಿಕ್ಕನು ನೋಡಿ, “ಪ್ಯಾಡು ಸವೆದು ಡಿಸ್ಕಿಗೆ ಗೀರು ಬಿದ್ದಿದೆ ಸಾಹುಕಾರ್ರೇ. ಗಾಡಿ ಬಿಟ್ಟುಹೋಗಿ, ಸಂಜೆಗೆ ಕೊಡುತ್ತೇನೆ” ಎಂದನು. ವರ್ತಕ ಬಿಟ್ಟುಹೋಗಲಿಲ್ಲ. ಸಾಮಾನು ಕೊಂಡು ಮನೆಗೆ ತಂದನು.

ಷೆಡ್ಡಿನ ಬಾಗಿಲು ಮುಚ್ಚಿಕೊಂಡು ಜಾಕು ಎತ್ತಿದನು. ಗಾಲಿ ಕಳಚಿದನು. ಹೊಸ ಡಿಸ್ಕಿನ ಎಣ್ಣೆ ಒರೆಸಿ ಕೂರಿಸಿದನು, ಹೊಸ ಪ್ಯಾಡು ಹಾಕಿದನು, ಬೋಲ್ಟು ಬಿಗಿದನು. ಪೆಡಲು ಗಟ್ಟಿಯಾಗುವ ತನಕ ತುಳಿದನು. ಒಂದೂ ತಪ್ಪಿಲ್ಲ. ಆ ಬೋಲ್ಟುಗಳ ಪರಿಚಯ ಅವನ ಕೈಗೆ ಮೊದಲೇ ಇತ್ತು, ನೋಡು. ಪದ್ಧತಿಯಂತೆ ಗಾಲಿಗಳ ಮುಂದೆ ನಿಂಬೆಹಣ್ಣು ಇಟ್ಟನು, ಬೆಳಿಗ್ಗೆ ಅವುಗಳ ಮೇಲೆ ಕಾರು ಹಾಯಿಸೋಣವೆಂದು.

ಬೆಳಿಗ್ಗೆ ಕೀಲಿ ಹಿಡಿದು ಬಂದವನು ನಿಂತುಬಿಟ್ಟನು. ನಾನು ಮಲಗಿದ್ದಾಗ ಯಾರಾದರೂ ಸಡಿಲಿಸಿದ್ದರೆ? ಮತ್ತೆ ಜಾಕು ಎತ್ತಿ ಬಿಚ್ಚಿ ನೋಡಿದನು. ಎಲ್ಲ ಬಿಗಿಯಾಗಿಯೇ ಇತ್ತು. ಮರುದಿನವೂ ಬಿಚ್ಚಿದನು. ಅದೇ ಅವನ ದಿನಚರಿಯಾಯಿತು. ಕಾರು ಷೆಡ್ಡು ಬಿಟ್ಟು ಬರಲಿಲ್ಲ. ನಿಂಬೆಹಣ್ಣುಗಳು ನಜ್ಜಾಗದೆ ಇದ್ದಲ್ಲಿಯೇ ಕಪ್ಪಾಗಿ ಒಣಗಿದವು. ಪಕ್ಕದ ಮನೆಯ ಹೆಂಗಸರು ಬಾಗಿಲ ಸಂದಿಯಿಂದ ಇಣುಕಿ ನೋಡಿ ಒಬ್ಬರನ್ನೊಬ್ಬರು ಚಿವುಟಿಕೊಂಡರು.

ಒಂದು ಮಧ್ಯಾಹ್ನ ಅವನು ಗಾಲಿಯ ಹಿಂದಿನ ಕತ್ತಲೆಗೆ ಕೈಹಾಕಿ ತಡಕಾಡುತ್ತಿದ್ದನು. ಇದ್ದಕ್ಕಿದ್ದಂತೆ ಬೋಲ್ಟಿನ ಮೇಲೆ ಬೆಳಕು ಬಿತ್ತು. ತಲೆಯೆತ್ತಿದರೆ ಹೆಂಡತಿ ಟಾರ್ಚು ಹಿಡಿದು ನಿಂತಿದ್ದಾಳೆ. ಯಾವಾಗ ಬಂದಳೋ ತಿಳಿಯದು.

“ನನ್ನನ್ನು ಕರೆಯಬಾರದಿತ್ತೇನ್ರೀ?” ಎಂದಳು ಮೆಲ್ಲಗೆ. “ಆವತ್ತು ಅವರ ಕಾರಿಗೂ ನಾನೇ ತಾನೇ ಬೆಳಕು ಹಿಡಿದದ್ದು. ಯಾವ ಬೋಲ್ಟು ಅಂತ ನನಗೂ ಗೊತ್ತಲ್ಲ.”

ವರ್ತಕನ ಕೈಯಿಂದ ಸ್ಪ್ಯಾನರು ಜಾರಿತು. ಅವಳು ಬಗ್ಗಿ ಅದನ್ನೆತ್ತಿ, ಸೆರಗಿನಲ್ಲಿ ಒರೆಸಿ, ಅವನಿಗೆ ಕೊಡದೆ ಒಳಗೆ ಹೋದಳು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

“ಅವಳು ಅವನಿಗೆ ಕೇಡು ಮಾಡಿದಳೇ?” ಎಂದು ಶಿಷ್ಯನು ಕೇಳಿದನು.

“ಅದಿರಲಿ, ಈಚೆಗೆ ಮಠದ ಊಟ ಬಿಟ್ಟು ನಿನ್ನ ಅನ್ನ ನೀನೇ ಬೇಯಿಸಿಕೊಳ್ಳುತ್ತಿದ್ದೀಯಂತೆ, ಯಾರ ಎಲೆಗೆ ಏನು ಬೆರೆಸಿ ಬಂದೆಯಪ್ಪಾ?” ಎಂದರು ಗುರುಗಳು.