ಗುರುತಿಗೆ ಇಟ್ಟ ಕಲ್ಲು

"ನಿಜವಾದ ಗುರು ಯಾರು ಅಂತ ತಿಳಿಯೋದು ಹೇಗೆ ಬುದ್ಧಿ?" ಎಂದು ಕೊಟ್ರಯ್ಯ ಕೇಳಿದ.

ಅವನು ಆ ಮಠಕ್ಕೆ ಹೊಸಬ. ಅದಕ್ಕೆ ಮುಂಚೆ ಹಲವು ಮಠಗಳಲ್ಲಿ ಇದ್ದು, ಒಂದೊಂದನ್ನೇ ಬಿಟ್ಟು ಬಂದಿದ್ದ. ಸ್ವಾಮಿಗಳು ಅವನ ಮುಖ ನೋಡಿದರು.

"ಇಲ್ಲಿಯವರೆಗೆ ಹೇಗೆ ತಿಳಿದುಕೊಳ್ತಿದ್ದೆ?"

"ಒಂದು ಪ್ರಶ್ನೆ ಕೇಳ್ತಿದ್ದೆ. ಎಲ್ಲ ಕಡೆಯೂ ಅದೇ ಪ್ರಶ್ನೆ. ಅದರ ಉತ್ತರ ನನಗೆ ಗೊತ್ತು. ಎಲ್ಲರೂ ಸರಿಯಾಗೇ ಹೇಳಿದರು. ಆದರೆ ನನಗೆ ಬೇಕಾಗಿದ್ದು ಮಾತ್ರ ಯಾರ ಹತ್ತಿರವೂ ಸಿಗಲಿಲ್ಲ. ಸುತ್ತಿ ಸುತ್ತಿ ಸಾಕಾಗಿದೆ ಬುದ್ಧಿ."

ಸ್ವಾಮಿಗಳು ಅವನಿಗೆ ಕೂರಲು ಹೇಳಿದರು. ಆಮೇಲೆ ಈ ಕತೆ ಹೇಳಿದರು.

ಅದಿರಿನ ಗುಡ್ಡದ ಬುಡದಲ್ಲಿ ಒಬ್ಬ ರೈತನ ಹೊಲವಿತ್ತು. ಅಲ್ಲಿಯ ಮಣ್ಣು ಕೆಂಪು. ಅಯಸ್ಕಾಂತ ಆಡಿಸಿದರೆ ಅದಕ್ಕೆ ಕಪ್ಪು ಪುಡಿ ಅಂಟಿ ಮೀಸೆ ಮೂಡುವಷ್ಟು ಕಬ್ಬಿಣ ಅದರಲ್ಲಿತ್ತು. ಶೇಂಗಾ ಕೀಳುವಾಗ ರೈತನ ಹೆಂಡತಿಯ ಒಂದು ಓಲೆ ಆ ಮಣ್ಣಿನಲ್ಲಿ ಬಿದ್ದುಹೋಯಿತು. ಅವಳ ತಾಯಿ ಸಾಯುವ ಮುಂಚೆ ತನ್ನ ಕಿವಿಯಿಂದ ಬಿಚ್ಚಿಕೊಟ್ಟ ಜೋಡಿ ಅದು. ಉಳಿದ ಓಲೆಯನ್ನು ಅವಳು ತೆಗೆದು ಡಬ್ಬಿಯಲ್ಲಿಟ್ಟಳು. ಕಿವಿಯ ತೂತುಗಳಿಗೆ ಬೇವಿನ ಕಡ್ಡಿ ಸಿಕ್ಕಿಸಿಕೊಂಡಳು. ಅಳಲಿಲ್ಲ, ಏನನ್ನೂ ಕೇಳಲಿಲ್ಲ. ರೈತನಿಗೆ ಅದನ್ನೇ ತಡೆಯಲಾಗಲಿಲ್ಲ. ಅವಳು ಬಡಿಸಲು ಬಗ್ಗಿದಾಗ ಆ ಕಡ್ಡಿ ಕಾಣುತ್ತಿತ್ತು. ಅರ್ಧ ಊಟಕ್ಕೇ ಕೈ ತೊಳೆದು ಏಳುತ್ತಿದ್ದ.

ಮಣ್ಣನ್ನೆಲ್ಲ ಜರಡಿ ಹಿಡಿಯುವುದು ಆಗದ ಮಾತು. ಪೇಟೆಯ ಒಬ್ಬ ವ್ಯಾಪಾರಿಯ ಹತ್ತಿರ ಮೆಟಲ್ ಡಿಟೆಕ್ಟರ್ ಇವೆ, ಬಾಡಿಗೆಗೆ ಕೊಡುತ್ತಾನೆ ಎಂದು ಯಾರೋ ಹೇಳಿದರು. ರೈತ ಹೋದ. ಅಂಗಡಿಯಲ್ಲಿ ಮೂರು ಯಂತ್ರಗಳಿದ್ದವು. ವ್ಯಾಪಾರಿ ಹಲಗೆಯ ಮೇಲೆ ತನ್ನ ಉಂಗುರ ಇಟ್ಟರೆ ಮೂರೂ ಕೂಗಿದವು. ಕೈಗೆ ಸಿಕ್ಕ ಒಂದನ್ನು ತಂದು ಹೊಲದಲ್ಲಿ ಆಡಿಸಿದ. ಅದು ಹೆಜ್ಜೆ ಹೆಜ್ಜೆಗೂ ಕೂಗಿತು. ಅಗೆದಲ್ಲೆಲ್ಲ ಬರೀ ಮಣ್ಣು. ಅದನ್ನು ಹೊತ್ತು ಮತ್ತೆ ಅಂಗಡಿಗೆ ಹೋದ.

"ಮಣ್ಣೇ ಕಬ್ಬಿಣ ಆದರೆ ಅದು ತಾನೇ ಏನು ಮಾಡುತ್ತಪ್ಪ?" ಎಂದ ವ್ಯಾಪಾರಿ. "ಹಲಗೆ ಮೇಲೆ ಎಲ್ಲವೂ ಜಾಣ ಯಂತ್ರಗಳೇ. ನಿನ್ನ ಮಣ್ಣಿಗೆ ಒಗ್ಗೋದು ಯಾವುದು ಅಂತ ನಿನ್ನ ಮಣ್ಣಲ್ಲೇ ನೋಡಬೇಕು. ಅಂಥದ್ದೇ ಚಿನ್ನದ ವಸ್ತು ಒಂದನ್ನ ಹೂತಿಡು. ಮೂರನ್ನೂ ಅದರ ಮೇಲೆ ಆಡಿಸು. ಗೊತ್ತಾಗುತ್ತೆ."

ಮನೆಯಲ್ಲಿದ್ದ ಅಂಥ ವಸ್ತು ಡಬ್ಬಿಯ ಓಲೆ ಒಂದೇ.

"ಇರೋದೊಂದು. ಅದನ್ನೂ ಮಣ್ಣಿಗೆ ಹಾಕ್ತೀರಾ?" ಎಂದಳು ಹೆಂಡತಿ.

"ಗುರುತಿಗೆ ಕಲ್ಲಿಡ್ತೀನಿ ಕಣೆ. ಕಳೆಯೋಕೆ ನಾನೇನು ಕುರುಡನಾ?"

ಗೇಣುದ್ದ ಅಗೆದು ಓಲೆ ಹೂತ. ಮೇಲೊಂದು ಬಿಳಿ ಬೆಣಚುಕಲ್ಲು ಇಟ್ಟ. ಯಂತ್ರಗಳನ್ನು ತರಲು ಪೇಟೆಗೆ ಹೋದ.

ಮೊದಲನೆಯದು ಎಲ್ಲ ಕಡೆಯೂ ಕೂಗುವ ಯಂತ್ರ. ಆದರೆ ಕಲ್ಲಿನ ಹತ್ತಿರ ಅದರ ದನಿ ಬೇರೆಯಾದ ಹಾಗೆ ರೈತನಿಗೆ ಕೇಳಿತು. ಎರಡನೆಯದರ ಗುಬುಟು ತಿರುಗಿಸಿದರೆ ಮಣ್ಣಿನ ಗದ್ದಲ ಅಡಗುತ್ತಿತ್ತು, ಜೊತೆಗೆ ಯಂತ್ರವೂ ಮೂಕವಾಗುತ್ತಿತ್ತು. ಕಲ್ಲಿನ ಮೇಲೆ ಮೆಲ್ಲಗೆ, ಮತ್ತೆ ಮತ್ತೆ ಆಡಿಸಿದಾಗ ಅದೂ ಒಮ್ಮೆ ಚಿಕ್ಕದಾಗಿ ಕೂಗಿತು. ಮೂರನೆಯದಕ್ಕೆ ಮೊದಲು ಮಣ್ಣಿನ ಪರಿಚಯ ಮಾಡಿಸಬೇಕು. ನೆಲದ ಮೇಲೆ ಅದನ್ನು ಎತ್ತಿ ಇಳಿಸಿ, ಎತ್ತಿ ಇಳಿಸಿ, ಅದು ಸುಮ್ಮನಾಗುವವರೆಗೆ ಕಾಯಬೇಕು. ನಾಲ್ಕು ಮಾರು ನಡೆದರೆ ಮಣ್ಣಿನ ಗುಣ ಬೇರೆ, ಮತ್ತೆ ಮೊದಲಿಂದ. ಅದೂ ಕಲ್ಲಿನ ಹತ್ತಿರ ಕೂಗಿತು, ಎಲ್ಲಕ್ಕಿಂತ ಚೆನ್ನಾಗಿ. ರೈತ ಅದನ್ನೇ ಇಟ್ಟುಕೊಂಡ.

ಬೇಸಿಗೆಯೆಲ್ಲ ಹೊಲ ಸುತ್ತಿದ. ಹಳೆಯ ಮೊಳೆ ಸಿಕ್ಕವು, ಎತ್ತಿನ ಲಾಳ ಸಿಕ್ಕಿತು, ಕರಿಯ ಅದಿರಿನ ಉಂಡೆಗಳು ಸಿಕ್ಕವು. ಓಲೆ ಸಿಗಲಿಲ್ಲ. ಅನುಮಾನ ಬಂದಾಗಲೆಲ್ಲ ಕಲ್ಲಿನ ಹತ್ತಿರ ಹೋಗಿ ಆಡಿಸುತ್ತಿದ್ದ. ಕೂಗುತ್ತಿತ್ತು. ಸಮಾಧಾನವಾಗುತ್ತಿತ್ತು. ಒಮ್ಮೆ ಯಂತ್ರ ಬದಲಾಯಿಸಿ ತಂದ. ಅದೂ ಕಲ್ಲಿನ ಮೇಲೆ ಕೂಗಿತು. ಅದಕ್ಕೂ ಓಲೆ ಸಿಗಲಿಲ್ಲ. ಭುಜ ಬಾತುಕೊಂಡಿತು. ಮನೆಯಲ್ಲಿ ತಟ್ಟೆ ಸದ್ದು ಮಾಡಿದರೂ ಯಂತ್ರ ಕೂಗಿದ ಹಾಗೆ ಬೆಚ್ಚುತ್ತಿದ್ದ.

ಒಂದು ಮಧ್ಯಾಹ್ನ ಬುತ್ತಿ ತಂದ ಹೆಂಡತಿ, "ಸಾಕು ಬಿಡಿ ಇನ್ನು," ಎಂದಳು.

"ಯಂತ್ರದ್ದು ತಪ್ಪಿಲ್ಲ. ಬಾ, ಕೇಳು," ಎಂದು ಅವಳನ್ನು ಕಲ್ಲಿನ ಹತ್ತಿರ ಕರೆದೊಯ್ದು ಆಡಿಸಿ ತೋರಿಸಿದ. ಯಂತ್ರ ಕೂಗಿತು. "ಕೇಳಿಸ್ತಾ? ಇಲ್ಲಿ ಒಂದು ದಿನವೂ ತಪ್ಪಿಲ್ಲ."

ಅವಳು ಸೆರಗಿನ ಗಂಟು ಬಿಚ್ಚಿದಳು. ಅಂಗೈಯಲ್ಲಿ ಓಲೆಯಿತ್ತು.

"ನೀವು ಹೂತು ಪೇಟೆಗೆ ಹೋದಿರಿ. ಆಗಲೇ ತೆಗೆದೆ. ನನಗೆ ಜೀವ ತಡೆಯಲಿಲ್ಲ."

"ಒಂದು ಮಾತು ಹೇಳಬಾರದಾಗಿತ್ತಾ?"

"ಅದು ಇಲ್ಲಿ ಕೂಗಿದಾಗ ಮಾತ್ರ ನಿಮ್ಮ ಮುಖದಲ್ಲಿ ಒಂದಿಷ್ಟು ಕಳೆ ಬರ್ತಿತ್ತು," ಎಂದಳು. "ಹೇಗೆ ಹೇಳಲಿ?"

ರೈತ ಕಲ್ಲು ಸರಿಸಿ ಕೈಯಿಂದಲೇ ಬಗೆದ. ಕೆಂಪು ಮಣ್ಣು. ಅದರ ಕೆಳಗೂ ಕೆಂಪು ಮಣ್ಣು. ಇಷ್ಟು ದಿನ ಯಂತ್ರ ಕೂಗಿದ್ದು ಆ ಮಣ್ಣಿಗೇ. ಯಂತ್ರವನ್ನು ಬದುವಿನ ಮೇಲೆ ಮಲಗಿಸಿ, ಅದರ ಪಕ್ಕದಲ್ಲೇ ಕುಳಿತ. ಹೆಂಡತಿ ಬುತ್ತಿ ಬಿಚ್ಚಿದಳು. ಇಬ್ಬರೂ ಉಂಡರು.

ಸ್ವಾಮಿಗಳು ಅಲ್ಲಿಗೆ ನಿಲ್ಲಿಸಿದರು. ಕತೆ ಇನ್ನೂ ಇದೆ ಎಂದು ಕೊಟ್ರಯ್ಯ ಕಾದ. ಮುಂದೆ ಏನೂ ಬರಲಿಲ್ಲ.

"ಹಾಗಾದರೆ ಮೂರರಲ್ಲಿ ಒಳ್ಳೆಯ ಯಂತ್ರ ಯಾವುದು ಬುದ್ಧಿ?"

"ನಿನ್ನ ಪ್ರಶ್ನೆಗೆ ಉತ್ತರ ಗೊತ್ತು ಅಂದೆಯಲ್ಲ ಕೊಟ್ರಯ್ಯ, ಅದನ್ನ ಯಾವತ್ತಾದರೂ ಅಗೆದು ನೋಡಿದ್ದೀಯಾ?"