ಓಗುಡ್ಡ

ಬಂದ್ರೆಹಳ್ಳಿಯ ಪಡುವಣಕ್ಕೆ, ಸಜ್ಜೆಯ ಹೊಲಗಳು ಮುಗಿದು ಕಲ್ಲುನೆಲ ಶುರುವಾಗುವಲ್ಲಿ ಒಂದು ಗುಡ್ಡವಿದೆ. ಗುಡ್ಡವೆಂದರೆ ಮಣ್ಣಿನದಲ್ಲ. ಆನೆಗಾತ್ರದ ಗುಂಡುಕಲ್ಲುಗಳು ಒಂದರ ಮೇಲೊಂದು ಕುಳಿತು, ನಡುನಡುವೆ ಕಾರೆಮುಳ್ಳು, ಸೀತಾಫಲದ ಗಿಡ ಎದ್ದು ಆದದ್ದು. ರಸ್ತೆಬದಿಯ ಬೋರ್ಡಿನಲ್ಲಿ ಇದರ ಹೆಸರು ‘ಹೋಗುಡ್ಡ’ ಎಂದಿದೆ. ಬರೆದ ಪುಣ್ಯಾತ್ಮ ಯಾರೋ, ಈ ಸೀಮೆಯವರು ಹಕಾರ ನುಂಗುತ್ತಾರೆಂದು ಕೇಳಿದ್ದವನು, ಇಲ್ಲದ ಹಕಾರವನ್ನು ತಾನೇ ತಂದು ಅಂಟಿಸಿ ಹೋಗಿದ್ದಾನೆ. ನಿಜವಾದ ಹೆಸರು ಓಗುಡ್ಡ. ಕರೆದರೆ ‘ಓ’ ಎನ್ನುತ್ತೇವಲ್ಲ, ಆ ಓ. ಬೇರೆ ಊರುಗಳಲ್ಲಿ ಮುಸ್ಸಂಜೆ ಹೊತ್ತು ಯಾರಾದರೂ ಕೂಗಿದರೆ, ಮೂರನೆಯ ಕೂಗಿಗೆ ಮೊದಲು ಓಗೊಡಬಾರದು, ದೆವ್ವ ಇದ್ದೀತು ಎನ್ನುತ್ತಾರೆ. ಇಲ್ಲಿ ಎಲ್ಲ ತಿರುವುಮುರುವು. ಮೊಲ ಕಿರುಚಲಿ, ಮೇಕೆಮರಿ ಅರಚಲಿ, ಮನುಷ್ಯನೇ ಕೂಗಲಿ, ಕೇಳಿದವರು ಮೊದಲ ಕೂಗಿಗೇ ‘ಓ, ಬಂದೆ’ ಎನ್ನಬೇಕು. ಎಂದ ಮೇಲೆ ಹೋಗಿ ನೋಡಲೂ ಬೇಕು. ಹೊಸಬರು ನಗುತ್ತಾರೆ. ನಗಲಿ, ನಕ್ಕರೆ ಹಲ್ಲೇನೂ ಉದುರುವುದಿಲ್ಲ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಈ ಗುಡ್ಡವೂ ಸುತ್ತಲಿನ ನೆಲವೂ ತಿಪ್ಪೇರುದ್ರಗೌಡನೆಂಬವನ ಸ್ವಂತ ಮಾನ್ಯವಾಗಿತ್ತಂತೆ. ಗೌಡನಿಗೆ ಕಾಳಗದ ಹುಂಜಗಳ ಹುಚ್ಚು. ಹೆಂಡತಿಗೆ ಹುಷಾರಿಲ್ಲದಿದ್ದರೆ ಸುಮ್ಮನಿದ್ದಾನು, ಹುಂಜ ಕಾಳು ಮುಟ್ಟದಿದ್ದರೆ ಊರೆಲ್ಲ ಎಬ್ಬಿಸುವ ಆಸಾಮಿ. ಆ ಹುಂಜಗಳಿಗೆ ಗುಡ್ಡದ ಕಾಡುಬೆಕ್ಕುಗಳೇ ಮೃತ್ಯು. ಕಾಡುಬೆಕ್ಕನ್ನು ಅಟ್ಟಿಸಿಕೊಂಡು ಹೋಗಿ ಹೊಡೆದವರಿಲ್ಲ; ಅದನ್ನು ಕರೆಯಬೇಕು. ಮುಂಗೈಗೆ ತುಟಿಯೊತ್ತಿ ಉಸಿರು ಹೀರಿದರೆ ಮುಳ್ಳಿಗೆ ಸಿಕ್ಕ ಮೊಲದ ಕಿರುಚು ಹೊರಡುತ್ತದೆ. ಅದನ್ನು ಕೇಳಿ ಬೆಕ್ಕು ತಾನಾಗಿಯೇ ಬಿಲ್ಲಿನ ಎದುರಿಗೆ ಬರುತ್ತದೆ. ಹಟ್ಟಿಯ ಬೇಟೆಗಾರರು ಈ ವಿದ್ಯೆಗೂ ‘ಕೂಗು’ ಎನ್ನುತ್ತಿದ್ದರು, ಒಬ್ಬರ ನೆಲದಲ್ಲಿ ಕರೆಯುವ ಹಕ್ಕಿಗೂ ‘ಕೂಗು’ ಎನ್ನುತ್ತಿದ್ದರು. ಒಂದು ನೆಲಕ್ಕೆ ಒಬ್ಬನದೇ ಕೂಗು. ಅವನ ಕೂಗು ಎದ್ದಿರುವಾಗ ಮತ್ತೊಬ್ಬ ಅಲ್ಲಿ ಕಾಲಿಡಬಾರದು, ದನಿ ಎತ್ತಬಾರದು. ಇಟ್ಟವನು ಕುಲಕ್ಕೆ ಹೊರಗು. ಆ ಕಟ್ಟಳೆ ಅಷ್ಟು ಬಿಗಿ.

ಗುಡ್ಡದ ಕೂಗು ಪಾಲಯ್ಯನದಾಗಿತ್ತು. ಅವನಪ್ಪನಿಂದ ಬಂದದ್ದು. ತಮ್ಮ ಮಲಿಯಣ್ಣನಿಗೆ ವಿದ್ಯೆ ಕಲಿಸಿದವನೂ ಅವನೇ. ತಮ್ಮನ ಎಳೆಯ ಮುಂಗೈಯನ್ನು ತಾನೇ ಹಿಡಿದು ಅವನ ತುಟಿಗೆ ಒತ್ತಿ, ‘ಹೀರು, ಊದಬೇಡ’ ಎಂದು ಹೇಳಿಕೊಟ್ಟಿದ್ದ. ಒಂದು ಸುಗ್ಗಿಯಲ್ಲಿ ಗೌಡನ ಅಚ್ಚುಮೆಚ್ಚಿನ ಕೆಂಪು ಹುಂಜ ಬೆಕ್ಕಿನ ಪಾಲಾಯಿತು. ಗೌಡ ಹತ್ತು ಜನರ ಎದುರಿಗೆ, ‘ಪಾಲಯ್ಯಾ, ನಿನ್ನ ಕೂಗಿಗೆ ವಯಸ್ಸಾಯ್ತು ಬಿಡು. ಇನ್ನು ಮೇಲೆ ನಿನ್ನ ತಮ್ಮ ಕರೀಲಿ’ ಎಂದುಬಿಟ್ಟ. ಮಲಿಯಣ್ಣ ಬೇಡವೆನ್ನಬಹುದಿತ್ತು. ಅನ್ನಲಿಲ್ಲ, ತಲೆ ತಗ್ಗಿಸಿ ತಾಂಬೂಲ ತೆಗೆದುಕೊಂಡ. ಆ ಒಂದು ತಾಂಬೂಲ ಪಾಲಯ್ಯನ ಹೊಟ್ಟೆಯಲ್ಲಿ ಕೆಂಡವಾಗಿ ಕೂತಿತು. ಒಂದೇ ಗೋಡೆಯ ಎರಡು ಮನೆ. ಅಂದಿನಿಂದ ಅಣ್ಣ ತಮ್ಮನ ಮುಖ ನೋಡಲಿಲ್ಲ, ತಮ್ಮ ಬಾಗಿಲಲ್ಲಿ ನಿಂತು ‘ಅಣ್ಣಾ’ ಎಂದರೆ ಓ ಎನ್ನಲಿಲ್ಲ.

ಒಂದು ದಿನ ಬೆಳಗಿನ ಜಾವ ಗುಡ್ಡದಿಂದ ಮೊಲದ ಕಿರುಚು ಎದ್ದಿತು. ಪಾಲಯ್ಯ ಅಂಗಳದಲ್ಲಿ ಬಲೆ ಹೆಣೆಯುತ್ತ ಕುಳಿತಿದ್ದ. ಕೇಳಬಾರದೆಂದರೂ ಕಿವಿ ಅತ್ತಲೇ ಹೋಯಿತು. ಎಂಥ ಕೂಗು ಅದು! ಸುಳ್ಳಿನ ಸುಳಿವೇ ಇಲ್ಲ. ಪ್ರಾಣ ಹೋಗುವ ಮೊಲವೂ ಅಷ್ಟು ನಿಜವಾಗಿ ಕಿರುಚಲಾರದು. ಹೊಟ್ಟೆಕಿಚ್ಚಿಗೆ ಅವನ ಕೈಯ ಗಂಟು ತಪ್ಪಿತು. ಹೊತ್ತೇರಿತು, ಕೂಗು ನಿಲ್ಲಲಿಲ್ಲ. ಬಿಸಿಲು ಕಾಯಿತು, ಆಗಲೂ ನಿಲ್ಲಲಿಲ್ಲ. ಆಗ ಮಲಿಯಣ್ಣನ ಹೆಂಡತಿ ಸೂರವ್ವ ಬಂದು ಕಂಬದ ಮರೆಯಲ್ಲಿ ನಿಂತಳು.

‘ಭಾವ, ಅವ್ರು ನೀರಿನ ಸೋರೆಬುರುಡೆ ಮನೇಲೇ ಬಿಟ್ಟೋಗವ್ರೆ. ಬಿಸಿಲೇರಿದ್ಮೇಲೂ ಯಾರಾದ್ರೂ ಬೆಕ್ಕು ಕರೀತಾರಾ?’

‘ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಹೊಸ ಕೂಗಲ್ವಾ, ಕರೀಲಿ ಬಿಡು’ ಎಂದ ಪಾಲಯ್ಯ, ತಲೆ ಎತ್ತದೆ.

ಅವಳು ಗೌಡನಲ್ಲಿಗೂ ಹೋಗಿ ಬಂದಳು. ಗೌಡ ನೆರಳಲ್ಲಿ ಕುಳಿತು ಹುಂಜದ ರೆಕ್ಕೆ ಸವರುತ್ತ, ‘ದುಡಿಯೋ ಗಂಡನ್ನ ಕಟ್ಕೊಂಡು ಅಳ್ತಾರೇನೇ?’ ಎಂದು ನಕ್ಕನಂತೆ. ತಿರುಗಿ ಬಂದವಳು ಪಾಲಯ್ಯನ ಕಾಲಿಗೇ ಬಿದ್ದಳು. ‘ನನ್ನ ಜೀವ ಹೊಡ್ಕೊಳ್ತೈತೆ ಭಾವ. ನೀವು ಹೋಗಿ, ಇಲ್ಲಾ ನನ್ನಾದ್ರೂ ಹೋಗಾಕೆ ಬಿಡಿ’ ಎಂದಳು. ಮೊಲವಾದರೂ ಇಡೀ ಹಗಲು ಕಿರುಚುವುದಿಲ್ಲವಲ್ಲ ಎಂಬ ಮಾತು ಪಾಲಯ್ಯನ ನಾಲಗೆಯ ತುದಿಗೂ ಬಂದಿತ್ತು. ಆದರೆ ಅದರ ಹಿಂದೆಯೇ ತಾಂಬೂಲದ ನೆನಪು ಬಂತು. ಹೋಗಿ ಬೇಟೆ ಕೆಡಿಸಿದರೆ, ಅಣ್ಣ ಹೊಟ್ಟೆಕಿಚ್ಚಿಗೆ ಬಂದ ಎಂದು ಹಟ್ಟಿಯೆಲ್ಲ ಆಡಿಕೊಳ್ಳುವುದಿಲ್ಲವೇ? ಅವನು ಗಟ್ಟಿ ದನಿಯಲ್ಲಿ, ‘ಕಟ್ಟಳೆ ಕಟ್ಟಳೇನೇ ತಾಯಿ. ಕೂಗು ಎದ್ದಾಗ ಹೆಣ್ಣು ಗುಡ್ಡ ತುಳಿದ್ರೆ, ನಾಳೆ ಕುಲದ ಮುಂದೆ ನಿಲ್ಲೋನು ನಿನ್ನ ಗಂಡನೇ’ ಎಂದ. ಅವಳು ಬುರುಡೆಯನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕುಸಿದು ಕುಳಿತಳು. ಅಯ್ಯೋ, ಆ ಹೆಣ್ಣು ಹಿರಿಯರ ಮಾತು ಮೀರಿದ್ದರೆ ಎಷ್ಟು ಚೆನ್ನಾಗಿತ್ತು!

ಹೊತ್ತು ವಾಲಿದಾಗ ಕೂಗು ಎಳೆ ಎಳೆಯಾಗಿ ಸಣ್ಣಗಾಯಿತು. ಪಾಲಯ್ಯನಿಗೆ ಕೂರಲಾಗಲಿಲ್ಲ. ಗುಡ್ಡ ತುಳಿಯುವುದಿಲ್ಲ, ಗಡಿಕಲ್ಲಿನ ತನಕ ಹೋಗಿ ನೋಡಿದರೆ ತಪ್ಪೇನು ಎಂದು ತನಗೆ ತಾನೇ ನೆವ ಹೇಳಿಕೊಂಡು ಹೊರಟ. ಗಡಿಕಲ್ಲಿನ ಬಳಿ ನಿಂತವನಿಗೆ ಬೆಕ್ಕು ಕಂಡಿತು. ದೊಡ್ಡ ಗಂಡುಬೆಕ್ಕು, ಬಟಾಬಯಲಿನ ಬಂಡೆಯ ಮೇಲೆ, ಎರಡು ಗುಂಡುಗಳ ಸಂದಿನ ಕಡೆ ಮುಖ ಮಾಡಿ ಆರಾಮಾಗಿ ಕುಳಿತಿತ್ತು. ಇಂಥ ಗುರಿ ಜನ್ಮಕ್ಕೊಮ್ಮೆ ಸಿಕ್ಕುವುದು. ಪಾಲಯ್ಯ ಜಗಳ ಮರೆತು, ಹಲ್ಲು ಕಚ್ಚಿ, ‘ಹೊಡಿಯೋ ಮಲಿಯಾ, ಹೊಡಿಯೋ’ ಎಂದು ಒಳಗೊಳಗೇ ತಮ್ಮನಿಗೆ ಹೇಳಿದ. ಬಾಣ ಬರಲಿಲ್ಲ. ಬೆಕ್ಕು ಮುಂಗಾಲನ್ನು ಮೆಲ್ಲಗೆ ಸಂದಿನೊಳಗೆ ಇಳಿಬಿಟ್ಟಿತು. ಅದರ ಪಂಜದ ಅಡಿಯಿಂದಲೇ, ಆ ಸಂದಿನ ಒಳಗಿನಿಂದಲೇ, ಮೊಲದ ಕಿರುಚು ಎದ್ದಿತು.

‘ಓ ಮಲಿಯಾ! ಓ, ಬಂದೆ ಕಣೋ, ಬಂದೆ!’ ಎಂದು ಒದರುತ್ತ ಪಾಲಯ್ಯ ಮುಳ್ಳು ಕಲ್ಲೆನ್ನದೆ ಓಡಿದ. ಬೆಕ್ಕು ಗಾಬರಿಯಾಗಲಿಲ್ಲ, ಇವನನ್ನೊಮ್ಮೆ ನೋಡಿ, ಇಳಿದು ಹೋಯಿತು. ಸಂದಿನಲ್ಲಿ ಮಲಿಯಣ್ಣನಿದ್ದ. ಬೆಳಗಿನ ಜಾವ ಅಡಗಿ ಕೂರಲೆಂದು ನುಸುಳಿದಾಗ ಮೇಲಿನ ಗುಂಡು ಜಾರಿ ಅವನ ಎದೆಯ ಮೇಲೆ ಕೂತಿತ್ತು. ಕೂಗಿ ಕರೆಯಲು ಎದೆಯಲ್ಲಿ ಗಾಳಿ ಇರಲಿಲ್ಲ. ಒಂದು ಕೈ ಮಾತ್ರ ಬಿಡುವಾಗಿದ್ದು, ಅದನ್ನು ತುಟಿಗೊತ್ತಿ, ಇದ್ದಷ್ಟು ಉಸಿರಲ್ಲಿ, ಅಣ್ಣ ಕಲಿಸಿದ ಒಂದೇ ಕೂಗನ್ನು ಹಗಲೆಲ್ಲ ಕೂಗಿದ್ದ. ಪಾಲಯ್ಯ ಹೆಗಲು ಕೊಟ್ಟ, ಬೆನ್ನು ಕೊಟ್ಟ, ಉಗುರು ಕಿತ್ತು ರಕ್ತ ಸುರಿದರೂ ಬಿಡಲಿಲ್ಲ. ಕಲ್ಲು ಕದಲಲಿಲ್ಲ. ತಮ್ಮ ಕಣ್ಣು ತೆರೆದು ಅವನನ್ನು ಗುರುತಿಸಿದ.

‘ಬೆಕ್ಕು ಮೊದಲು ಬಂತು, ಅಣ್ಣಾ’ ಎಂದ.

ಅದು ಕಲಿಸಿದವನಿಗೆ ಶಿಷ್ಯ ಹೇಳಿಕೊಂಡ ಹೆಮ್ಮೆಯೋ, ಬೇರೇನೋ, ಯಾರಿಗೂ ತಿಳಿಯದು. ಒದರಾಟ ಕೇಳಿ ಹಟ್ಟಿಯವರು ಹಾರೆ ಹಿಡಿದು ಓಡಿಬರುವಷ್ಟರಲ್ಲಿ ಅವನ ಉಸಿರು ನಿಂತಿತ್ತು. ಸೂರವ್ವ ಬುರುಡೆಯ ನೀರನ್ನು ಅವನ ತುಟಿಗೆ ಹನಿಸಿದಳು, ಅದು ಹಾಗೇ ಕೆನ್ನೆಯ ಮೇಲಿಳಿಯಿತು. ಅವಳು ಅಳಲಿಲ್ಲ, ಶಾಪ ಹಾಕಲಿಲ್ಲ. ಭಾವನ ಕಡೆ ತಿರುಗಿ, ‘ಕೇಳಿಸಿತ್ತಲ್ಲಾ?’ ಎಂದಳು, ಅಷ್ಟೇ. ಹಿರಿಯರು ಆಮೇಲೆ ಸಭೆ ಸೇರಿ, ಕಟ್ಟಳೆಯಂತೆ ನಡೆದ ಪಾಲಯ್ಯನ ಮೇಲೆ ತಪ್ಪಿಲ್ಲವೆಂದರು. ಅವನು ಮಾತ್ರ ಮನೆಗೆ ಮರಳಲಿಲ್ಲ. ಗುಡ್ಡದ ಬುಡದಲ್ಲೇ ಗುಡಿಸಲು ಹಾಕಿ, ಹಕ್ಕಿ ಚೀರಿದರೂ, ಮರಿ ಅರಚಿದರೂ ‘ಓ, ಬಂದೆ’ ಎಂದು ಎದ್ದು ಓಡುತ್ತಿದ್ದ. ಜನ ಮೊದಮೊದಲು ಹುಚ್ಚನೆಂದರು. ಮುಳ್ಳಿನಲ್ಲಿ ಸಿಕ್ಕ ಕುರಿಗಳೂ, ಕಾಲು ಮುರಿದುಕೊಂಡ ಸೌದೆಯವರೂ ಆ ಹುಚ್ಚನಿಂದಲೇ ಬದುಕಿ ಬಂದ ಮೇಲೆ ತಾವೂ ಓ ಎನ್ನತೊಡಗಿದರು. ಅಲ್ಲಿ ಬೇಟೆಯ ಕೂಗು ಹಾಕುವುದು ಅಂದಿಗೇ ನಿಂತಿತು, ಬೆಕ್ಕುಗಳು ಇಂದಿಗೂ ಇವೆ ಎನ್ನುತ್ತಾರೆ.

ಈಗ ಹೋದರೂ ಆ ಎರಡು ಗುಂಡುಗಳು ಕಾಣುತ್ತವೆ. ಎದುರಿನ ಬಂಡೆಯಲ್ಲಿ ಯಾರೋ ಒರಟಾಗಿ ಕೊರೆದ ಬೆಕ್ಕೊಂದು ಸಂದಿನ ಕಡೆ ಮುಖ ಮಾಡಿ ಕುಳಿತಿದೆ. ಅಣ್ಣನ ಚಿತ್ರವೂ ಇಲ್ಲ, ತಮ್ಮನದೂ ಇಲ್ಲ. ಸೀತಾಫಲ ಕೀಳಲು ಬರುವ ಹೆಂಗಸರು ಅದರ ಮುಂದೆ ಬುರುಡೆಯಲ್ಲೋ ಪ್ಲಾಸ್ಟಿಕ್ ಬಾಟಲಿಯಲ್ಲೋ ನೀರು ಇಟ್ಟು ಹೋಗುತ್ತಾರೆ. ಹೊರಗಿನಿಂದ ಬಂದವರು ತಮಾಷೆಗೆಂದು ಬಂಡೆಗಳ ಮರೆಯಲ್ಲಿ ನಿಂತು ಕೂ ಎನ್ನುತ್ತಾರೆ. ಅದು ತಮಾಷೆಯೆಂದು ಹೆಂಗಸರಿಗೆ ಚೆನ್ನಾಗಿ ಗೊತ್ತು. ಆದರೂ ಯಾವಳೋ ಒಬ್ಬಳು ತುಂಬಿದ ಬುಟ್ಟಿಯನ್ನು ಕೆಳಗಿಟ್ಟು, ‘ಓ, ಬಂದೆ’ ಎಂದು ಬಂಡೆ ಹತ್ತುತ್ತಾಳೆ.